ಕಾಗೆ ಕೂತ ಮನೆ

ಹೊರನಾಡ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳು ಊರಿನಲ್ಲಿರುವ ನಿಮ್ಮ ಕೈಗೆ ಬರುವುದು ಅಪರೂಪ. ಬಂದರೂ ಜಾಹೀರಾತಿನ ಪುಟಗಳನ್ನು ದಾಟಿ ಒಳಗೆ ಹೋಗುವಷ್ಟು ಪುರುಸೊತ್ತು ನಿಮಗಿರಲಿಕ್ಕಿಲ್ಲ. ನಾವು ಓದುತ್ತೇವೆ. ಬೆಳ್ಳಿಹಬ್ಬ, ಚಿನ್ನದ ಹಬ್ಬ, ವಜ್ರಮಹೋತ್ಸವ, ರಾಜ್ಯೋತ್ಸವ ವಿಶೇಷಾಂಕ ಯಾವುದೇ ಇರಲಿ, ಮೊದಲು ಫೋಟೋ ನೋಡಿ ಆಮೇಲೆ ಲೇಖನಕ್ಕೆ ಬರುತ್ತೇವೆ. ಹಾಗೆ ಇಪ್ಪತ್ತು ಮೂವತ್ತು ಸಂಚಿಕೆ ಓದಿದ ಮೇಲೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅವುಗಳಲ್ಲಿ ಬರುವ ಪ್ರತಿಯೊಬ್ಬ ಮನುಷ್ಯನೂ ‘ವಿಶಿಷ್ಟ ವ್ಯಕ್ತಿತ್ವ’ದವನು. ಪ್ರತಿಯೊಂದು ನಾಟಕವೂ ‘ವಿಶಿಷ್ಟ ಪ್ರಯೋಗ’. ಮುಂಬಯಿ ಕನ್ನಡಿಗರು ‘ತಮ್ಮದೇ ಆದ ಛಾಪು’ ಮೂಡಿಸಿದ್ದಾರೆ, ಪುಣೆಯವರೂ ಮೂಡಿಸಿದ್ದಾರೆ, ದೆಹಲಿಯವರೂ ಬಿಟ್ಟಿಲ್ಲ. ಎಲ್ಲರೂ ‘ತಮ್ಮತನವನ್ನು ಉಳಿಸಿಕೊಂಡಿದ್ದಾರೆ’. ಆದರೆ ಆ ತಮ್ಮತನ ಯಾವುದು, ಅದು ಕಣ್ಣಿಗೆ ಹೇಗೆ ಕಾಣುತ್ತದೆ, ಕಿವಿಗೆ ಹೇಗೆ ಕೇಳುತ್ತದೆ ಅಂತ ಯಾರೂ ಹೇಳಿಲ್ಲ.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ಅಂಥ ಲೇಖನದಲ್ಲಿ ಹೆಸರು ಇರುವ ಕಡೆ ಬೇರೆ ಹೆಸರು ಹಾಕಿ, ‘ಮುಂಬಯಿ’ ಇದ್ದಲ್ಲಿ ‘ಚೆನ್ನೈ’ ಹಾಕಿ. ಲೇಖನ ಕೆಡುವುದಿಲ್ಲ! ವಿಶಿಷ್ಟವನ್ನು ಹೇಳಲು ಹೊರಟ ವಾಕ್ಯ ಯಾರ ಮೈಗಾದರೂ ಹೊಂದುವ ಅಂಗಿಯಾಗಿಬಿಟ್ಟಿರುತ್ತದೆ. ಇದು ಬರೀ ಸಂಚಿಕೆಗಳ ಹಣೆಬರಹವಲ್ಲ. ಬೆಂಗಳೂರಿನ ಪತ್ರಿಕೆಗಳ ಪುಸ್ತಕ ವಿಮರ್ಶೆಗಳಲ್ಲೂ ಇದೇ ಪದ, ಇದೇ ಅಂಗಿ. ಹಾಗಾಗಿ ಈ ಜಗಳ ನಮ್ಮ ನಮ್ಮೊಳಗಿನದು ಮಾತ್ರ ಎಂದು ನೀವು ಪುಟ ಮಗುಚಬೇಕಾಗಿಲ್ಲ.

ಇಷ್ಟಕ್ಕೂ ‘ವಿಶಿಷ್ಟ’ ಒಳ್ಳೆಯ ಪದವೇ. ‘ಶೇಷ’, ‘ಅವಶೇಷ’, ‘ವಿಶೇಷ’ ಎಲ್ಲವೂ ಅದರ ಒಡಹುಟ್ಟುಗಳು. ‘ಉಳಿ’ ಎಂಬ ಅರ್ಥದ ಒಂದೇ ಧಾತುವಿನಿಂದ ಬಂದಂಥವು. ಎಲ್ಲರಲ್ಲೂ ಇರುವುದನ್ನು ತೆಗೆದುಹಾಕಿದ ಮೇಲೆ ಏನು ಉಳಿಯುತ್ತದೋ ಅದು ವಿಶಿಷ್ಟ. ಅಂದರೆ ಅದನ್ನು ಬಳಸುವ ಮೊದಲು ಕಳೆಯುವ ಲೆಕ್ಕ ಮಾಡಬೇಕು. ನಾವು ಕಳೆಯುವುದೇ ಇಲ್ಲ, ಮೊದಲ ಸಾಲಿನಲ್ಲೇ ಉತ್ತರ ಬರೆದುಬಿಡುತ್ತೇವೆ.

ಕನ್ನಡದಲ್ಲಿ ಬೇರೆ ಮಾತು ಇಲ್ಲವೇ ಅಂದರೆ, ಬೇಕಾದಷ್ಟಿವೆ. ಥಟ್ಟನೆ ಗುರುತು ಸಿಗುವ ವಸ್ತುವಿನ ಬಗ್ಗೆ ನಮ್ಮ ಆಡುಮಾತು ಎಷ್ಟು ಸೂಕ್ಷ್ಮವಾಗಿ ಮಾತಾಡುತ್ತದೆ ನೋಡಿ. ಹತ್ತು ಜನರ ನಡುವೆ ಒಬ್ಬ ‘ಎದ್ದು ಕಾಣುತ್ತಾನೆ’. ಇದರಲ್ಲಿ ಮೆಚ್ಚುಗೆ ಇದೆ. ಗೋಡೆಗೆ ಬಳಿದ ಬಣ್ಣ ‘ಕಣ್ಣಿಗೆ ರಾಚುತ್ತದೆ’. ಇದರಲ್ಲಿ ಬೇಸರ ಇದೆ. ಸೀರೆಯ ಅಂಚು ‘ಢಾಳಾಗಿದೆ’ ಅಂದರೆ ಹೇಳುವವರ ದನಿ ಕೇಳಿಯೇ ಹೊಗಳಿಕೆಯೋ ಕೊಂಕೋ ತೀರ್ಮಾನಿಸಬೇಕು. ಮಳೆ ನಿಂತ ಮೇಲೆ ಬೆಟ್ಟದ ಗೆರೆ ‘ನಿಚ್ಚಳ’. ಮಾತು ‘ಸ್ಫುಟ’, ಅದು ಕಿವಿಗೆ ಸೇರಿದ್ದು, ಬೆಟ್ಟವನ್ನು ಸ್ಫುಟ ಎನ್ನಲಾರೆವು. ಅಕ್ಷರ ‘ಸ್ಪಷ್ಟ’. ಹುಡುಗಿ ‘ಲಕ್ಷಣವಾಗಿದ್ದಾಳೆ’. ಸುಮ್ಮನೆ ಗುರುತು ಎಂಬ ಅರ್ಥದ ‘ಲಕ್ಷಣ’ವೇ ಇಲ್ಲಿ ಚೆಲುವಾಗಿಬಿಟ್ಟಿತು. ಅದರ ಜೊತೆಗೇ ಇನ್ನೊಂದನ್ನೂ ಗಮನಿಸಬೇಕು. ‘ಬೇರೆ ಲಕ್ಷಣ ಉಳ್ಳದ್ದು’ ಎಂದಷ್ಟೇ ಹೇಳಬೇಕಿದ್ದ ‘ವಿಲಕ್ಷಣ’ ಈಗ ಹೆಚ್ಚುಕಡಿಮೆ ಬೈಗುಳ. ‘ವಿಚಿತ್ರ’ದ ಗತಿಯೂ ಅದೇ. ನಮ್ಮ ಹಾಗಿರುವುದು ಲಕ್ಷಣ, ನಮ್ಮ ಹಾಗಿಲ್ಲದ್ದು ವಿಲಕ್ಷಣ. ಊರಿನ ಬುದ್ಧಿ ಪದಗಳ ಒಳಗೇ ಕೂತಿದೆ.

ಇನ್ನು ‘ಗುರುತು’ ಎಂಬ ಒಂದು ಪದಕ್ಕೆ ನಾವು ಹಚ್ಚುವ ಕ್ರಿಯಾಪದಗಳು ಎಷ್ಟು! ಧಾರವಾಡದ ಕಡೆಯವರು ‘ಗುರ್ತ ಹಿಡೀಲಿಲ್ಲೇನು?’ ಎನ್ನುತ್ತಾರೆ, ಅಲ್ಲಿ ಗುರುತು ಓಡಿಹೋಗುವ ವಸ್ತು, ಹಿಡಿಯಬೇಕು. ಮೈಸೂರು ಕಡೆ ‘ಗುರುತು ಸಿಕ್ತಾ?’, ಅಲ್ಲಿ ಅದು ತಾನಾಗಿ ದಕ್ಕುವ ವಸ್ತು. ಪೊಲೀಸರು ಗುರುತು ‘ಪತ್ತೆ ಹಚ್ಚುತ್ತಾರೆ’. ಸರ್ಕಾರ ಪ್ರತಿಭೆಯನ್ನು ‘ಗುರುತಿಸುತ್ತದೆ’. ಗುರುತಿಸಿದರೆ ಶಾಲು ಹೊದಿಸುತ್ತದೆ. ಸಾಹಿತಿಗಳು ಯಾವುದೋ ಚಳವಳಿಯೊಂದಿಗೆ ‘ಗುರುತಿಸಿಕೊಳ್ಳುತ್ತಾರೆ’. ಈ ಕೊನೆಯ ಕ್ರಿಯಾಪದದಲ್ಲಿ ಗುರುತು ಹಿಡಿಯುವವನೂ ಗುರುತಿಗೆ ಸಿಗುವವನೂ ಒಬ್ಬನೇ. ಕನ್ನಡಿಯ ಮುಂದೆ ನಿಂತು ತನಗೆ ತಾನೇ ನಮಸ್ಕಾರ ಹೇಳಿದ ಹಾಗೆ. ಹೊರನಾಡ ಸಂಘಗಳ ವರದಿಗಳಲ್ಲಿ ಈ ‘ಗುರುತಿಸಿಕೊಳ್ಳುವಿಕೆ’ ಹೆಚ್ಚು, ‘ಗುರುತು ಸಿಗುವುದು’ ಕಡಿಮೆ.

ನೆರೆಹೊರೆಯ ಭಾಷೆಗಳ ನಡುವೆ ಬದುಕಿದರೆ ಈ ಪದಗಳ ಇನ್ನೊಂದು ಮಗ್ಗುಲು ಕಾಣುತ್ತದೆ. ಹೈದರಾಬಾದಿನಲ್ಲಿ ಯಾರಾದರೂ ‘ಗುರ್ತುಂದಾ?’ ಅಂತ ಕೇಳಿದರೆ ಹೊಸದಾಗಿ ಹೋದ ಕನ್ನಡಿಗ ‘ಗುರುತು ಸಿಕ್ಕಿತಾ?’ ಎಂದು ತಿಳಿಯುತ್ತಾನೆ. ಅವರು ಕೇಳುತ್ತಿರುವುದು ‘ನೆನಪಿದೆಯಾ?’ ಎಂದು. ಒಂದೇ ಪದ, ನಾವು ಅದನ್ನು ವಸ್ತುವಿನ ಮೈಮೇಲೆ ಇಟ್ಟೆವು, ತೆಲುಗರು ನೋಡುವವನ ಮನಸ್ಸಿನೊಳಗೆ ಇಟ್ಟರು. ಮರಾಠಿಯ ‘ಓಳಖ್’ ಮತ್ತು ಹಿಂದಿಯ ‘ಪೆಹಚಾನ್’ ಗುರುತು ಹಿಡಿಯುವುದಕ್ಕೂ ಪರಿಚಯಕ್ಕೂ ಒಂದೇ ಮಾತು. ನಮ್ಮಲ್ಲೂ ‘ನಮ್ಮ ಗುರ್ತಿನೋರು’ ಅಂದರೆ ಪರಿಚಯದವರು ತಾನೆ? ಗುರುತು ಅಂದರೆ ಬರೀ ಮಚ್ಚೆ, ಗಾಯದ ಕಲೆ ಅಲ್ಲ. ಅದರಲ್ಲಿ ಹಿಂದೆ ಒಮ್ಮೆ ಕಂಡದ್ದರ ನೆನಪು ಸೇರಿದೆ. ಯಾರೂ ನಮ್ಮನ್ನು ಹಿಂದೆ ಕಾಣದ ಊರಿನಲ್ಲಿ ನಮಗೆ ಗುರುತು ಎಲ್ಲಿಂದ ಬರಬೇಕು? ಅಲ್ಲಿ ನಮಗೆ ಸಿಗುವುದು ಹಣೆಪಟ್ಟಿ ಮಾತ್ರ.

ಈ ಹಣೆಪಟ್ಟಿಗಳ ವಿಚಾರಕ್ಕೆ ಬರೋಣ. ಅವುಗಳನ್ನು ತೂಗಿ ನೋಡಲು ನಮ್ಮ ಹಳೆಯ ತರ್ಕಶಾಸ್ತ್ರ ಒಂದು ಒಳ್ಳೆಯ ತಕ್ಕಡಿ ಕೊಟ್ಟಿದೆ. ಹಸು ಎಂದರೇನು? ‘ಕೊಂಬಿರುವುದು’ ಎಂದರೆ ಎಮ್ಮೆಗೂ ಕೊಂಬಿದೆ. ಲಕ್ಷಣ ಬೇಲಿ ದಾಟಿ ಪಕ್ಕದ ಹೊಲಕ್ಕೆ ಹೋಯಿತು, ಅದು ಅತಿವ್ಯಾಪ್ತಿ. ‘ಕಂದು ಬಣ್ಣದ್ದು’ ಎಂದರೆ ಬಿಳಿ ಹಸು ಹೊರಗುಳಿಯಿತು, ಅದು ಅವ್ಯಾಪ್ತಿ. ‘ಒಂಟಿ ಗೊರಸಿನದು’ ಎಂದರೆ ಯಾವ ಹಸುವಿಗೂ ಹೊಂದುವುದಿಲ್ಲ, ಅದು ಅಸಂಭವ. ತಾರ್ಕಿಕರು ಕೊನೆಗೆ ಹಿಡಿದದ್ದು ಕತ್ತಿನ ಕೆಳಗೆ ಜೋತಾಡುವ ಗಂಗೆದೊಗಲನ್ನು. ಅದಲ್ಲದೆ ಅವರು ‘ಉಪಲಕ್ಷಣ’ ಅಂತ ಇನ್ನೊಂದು ಹೇಳುತ್ತಾರೆ. ದೇವದತ್ತನ ಮನೆ ಯಾವುದು ಎಂದು ಯಾರೋ ಕೇಳಿದರು. ಕಾಗೆ ಕೂತಿದೆಯಲ್ಲ, ಅದೇ ಎಂದು ತೋರಿಸಿದರು. ಆ ಗಳಿಗೆಗೆ ಕೆಲಸವೇನೋ ಆಯಿತು. ಆದರೆ ಕಾಗೆ ಮನೆಯ ಭಾಗವಲ್ಲ, ಹಾರಿಹೋಗುತ್ತದೆ.

ಮುಂಬಯಿಯಲ್ಲಿ, ದೆಹಲಿಯಲ್ಲಿ ನಾವು ಮೊದಲು ‘ಮದರಾಸಿ’ಗಳು. ಇದು ಅತಿವ್ಯಾಪ್ತಿ, ನಾಲ್ಕೈದು ಭಾಷೆಯವರನ್ನು ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿದ ಹಾಗೆ. ಆಮೇಲೆ ‘ಉಡುಪಿ ಹೋಟೆಲಿನ ಅಣ್ಣಾ’. ಇದು ಅವ್ಯಾಪ್ತಿ, ಸೊಲ್ಲಾಪುರದಲ್ಲಿ ಮಗ್ಗದ ಮುಂದೆ ಕೂತವರು, ಪುಣೆಯ ಕಾರ್ಖಾನೆಯಲ್ಲಿ ಲೇತ್ ತಿರುಗಿಸುವವರು, ಕಟ್ಟಡ ಕೆಲಸಕ್ಕೆಂದು ಕಲಬುರ್ಗಿ, ವಿಜಾಪುರದ ಕಡೆಯಿಂದ ಹೋದವರು ಇವರೆಲ್ಲ ಎಲ್ಲಿ ಹೋಗಬೇಕು? ಇಡ್ಲಿ ಸಾಂಬಾರ್ ಎಂಬುದು ಮಾಳಿಗೆಯ ಮೇಲಿನ ಕಾಗೆ. ಈಗ ಇಡ್ಲಿಯನ್ನು ಎಲ್ಲರೂ ಮಾಡುತ್ತಾರೆ, ಕಾಗೆ ಎಲ್ಲರ ಮನೆಯ ಮೇಲೂ ಕೂರುತ್ತಿದೆ.

ಇದು ಬರೀ ತರ್ಕದ ತಪ್ಪು ಎಂದು ನಕ್ಕು ಸುಮ್ಮನಾಗುವಂತಿಲ್ಲ. 1966ರಲ್ಲಿ ಹುಟ್ಟಿದ ಶಿವಸೇನೆ ತನ್ನ ಮೊದಲ ವರ್ಷಗಳಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ನಡೆಸಿತು. ಉಡುಪಿ ಹೋಟೆಲುಗಳ ಮೇಲೆ ದಾಳಿಗಳಾದವು. ತಮಿಳು ಗುಮಾಸ್ತ, ಮಲಯಾಳಿ ಟೈಪಿಸ್ಟ್, ಮನೆಯಲ್ಲಿ ತುಳು ಮಾತಾಡುವ ಹೋಟೆಲಿನ ಮಾಲೀಕ ಎಲ್ಲರೂ ಅವರ ಕಣ್ಣಿಗೆ ಒಂದೇ. ಅತಿವ್ಯಾಪ್ತಿ ಬೀದಿಗೆ ಬಂದರೆ ಕಲ್ಲಾಗುತ್ತದೆ. ಕಲ್ಲಿಗೆ ಗಂಗೆದೊಗಲು ನೋಡುವ ತಾಳ್ಮೆ ಇರುವುದಿಲ್ಲ.

ಹಾಗಂತ ಊರಿನಲ್ಲಿರುವ ನಾವು ಸಾಚಾಗಳೇನಲ್ಲ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ವದಂತಿಗಳಿಗೆ ಹೆದರಿ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ಅವರಲ್ಲಿ ಅಸ್ಸಾಮಿನವರು, ಮಣಿಪುರದವರು, ನಾಗಾಲ್ಯಾಂಡಿನವರು ಇದ್ದರು; ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ಆದರೆ ಬೆಂಗಳೂರಿನಲ್ಲಿ ಅವರಿಗೆಲ್ಲ ಇದ್ದದ್ದು ಒಂದೇ ಗುರುತು: ಮುಖದ ಚಹರೆ. ಅಲ್ಲಿ ನಾವು ಮದರಾಸಿ, ಇಲ್ಲಿ ಅವರಿಗೆ ನಾವಿಟ್ಟ ಹೆಸರುಗಳು ಬೇರೆ. ಅವನ್ನು ಇಲ್ಲಿ ಬರೆಯಬೇಕಾಗಿಲ್ಲ, ನಿಮಗೆ ಗೊತ್ತಿವೆ. ಬೆಂಗಳೂರಿನಲ್ಲಿ ‘ನಾರ್ತ್ ಇಂಡಿಯನ್’ ಎಂಬ ಚೀಲವೂ ಮದರಾಸಿಯಷ್ಟೇ ದೊಡ್ಡದು. ಅದರೊಳಗೆ ಒಡಿಶಾದವನೂ ಇರುತ್ತಾನೆ, ಬಂಗಾಳದವನೂ ಇರುತ್ತಾನೆ, ರಾಜಸ್ಥಾನದವನೂ ಇರುತ್ತಾನೆ.

ಹೈಸ್ಕೂಲಿನ ವ್ಯಾಕರಣ ನೆನಪಿದೆಯಾ? ರೂಢನಾಮ, ಅಂಕಿತನಾಮ, ಅನ್ವರ್ಥನಾಮ. ನದಿ, ಬೆಟ್ಟ ಎಂಬುವು ರೂಢನಾಮ. ಇಟ್ಟುಕೊಂಡ ಹೆಸರು ಅಂಕಿತನಾಮ. ಕುಂಟ, ವ್ಯಾಪಾರಿ, ರೋಗಿ ಎಂಬಂತೆ ಯಾವುದೋ ಗುಣ ಅಥವಾ ಕೆಲಸ ಹಿಡಿದು ಕರೆಯುವುದು ಅನ್ವರ್ಥನಾಮ. ಊರು ಬಿಡುವುದೆಂದರೆ ವ್ಯಾಕರಣದ ಈ ಏಣಿಯನ್ನು ಇಳಿಯುವುದು. ಊರಲ್ಲಿ ಅಂಕಿತನಾಮವಾಗಿದ್ದವನು ಪರಊರಿನಲ್ಲಿ ಮೊದಲು ‘ಹೋಟೆಲಿನವನು’ ಎಂಬ ಅನ್ವರ್ಥನಾಮವಾಗುತ್ತಾನೆ, ಕೊನೆಗೆ ‘ಮದರಾಸಿ’ ಎಂಬ ರೂಢನಾಮವಾಗುತ್ತಾನೆ. ಮತ್ತೆ ಅಂಕಿತನಾಮವಾಗಲು ಹತ್ತು ಹದಿನೈದು ವರ್ಷ ಬೇಕು.

ಮರಾಠಿಗರು ನಮ್ಮನ್ನು ‘ಕಾನಡಿ’ ಎನ್ನುತ್ತಾರೆ. ಜ್ಞಾನೇಶ್ವರರು ಪಂಢರಪುರದ ವಿಠ್ಠಲನನ್ನೇ ‘ಕಾನಡಾ’ ಎಂದು ಕರೆದಿದ್ದಾರೆ. ಅದಕ್ಕೆ ಅರ್ಥ ಹೇಳುವ ಮರಾಠಿ ವ್ಯಾಖ್ಯಾನಕಾರರಲ್ಲಿ ಅನೇಕರು ‘ಕಾನಡಾ’ ಎಂದರೆ ಕರ್ನಾಟಕದವನು ಎಂಬುದರ ಜೊತೆಗೆ ಸುಲಭಕ್ಕೆ ಅರ್ಥವಾಗದವನು, ಅಗಮ್ಯ ಎಂದೂ ಸೇರಿಸುತ್ತಾರೆ. ನಮ್ಮ ವಿದ್ವಾಂಸರು ಮೊದಲ ಅರ್ಥವನ್ನು ಹಿಡಿದು ವಿಠ್ಠಲ ನಮ್ಮವನು ಎಂದು ವಾದಿಸಿದ್ದಾರೆ. ನನಗೆ ಎರಡನೆಯ ಅರ್ಥದ ಮೇಲೇ ಹೆಚ್ಚು ಪ್ರೀತಿ. ಪಕ್ಕದ ಮನೆಯವರ ಭಾಷೆಯಲ್ಲಿ ನಮ್ಮ ಹೆಸರೇ ‘ಗುರುತಿಗೆ ಸಿಗದ್ದು’ ಎಂಬುದಕ್ಕೆ ಪರ್ಯಾಯವಾಗಿದೆ. ಅದು ಬೈಗುಳವಲ್ಲ. ಒಂದು ಭಾಷೆ ಇನ್ನೊಂದರ ಮುಂದೆ ನಿಂತು ‘ಇದು ನನ್ನ ಅಳತೆಗೆ ಸಿಗುತ್ತಿಲ್ಲ’ ಎಂದು ಒಪ್ಪಿಕೊಂಡದ್ದು. ‘ಮದರಾಸಿ’ಗಿಂತ ಎಷ್ಟೋ ಮರ್ಯಾದೆಯ ಮಾತು.

ಸರಿ, ಕನ್ನಡದ ಗಂಗೆದೊಗಲು ಯಾವುದು? ಹಿಂದಿಯವನ ಕಿವಿಗೆ ದಕ್ಷಿಣದ ಭಾಷೆಗಳೆಲ್ಲ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ಈ ಹಳೆಯ ತಮಾಷೆಯನ್ನು ನಾವು ಹೊರನಾಡಿನವರು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇವೆ. ಆದರೆ ಗದ್ದಲದ ಲೋಕಲ್ ರೈಲಿನಲ್ಲಿ ನಮಗೆ ಕನ್ನಡ ಥಟ್ಟನೆ ಗುರುತಾಗುತ್ತದೆ. ಹೇಗೆ? ‘ಮಾರಾಯ’, ‘ಅಲ್ವಾ’, ‘ಕಣ್ರೀ’, ‘ಹೌದೇನ್ರಿ’ ಇವು ಮೊದಲ ಸುಳಿವು. ಅದಕ್ಕಿಂತ ಆಳದಲ್ಲಿ ಇನ್ನೊಂದು ಗುರುತಿದೆ, ಅದು ‘ಹ’ಕಾರ. ತಮಿಳರು ತೆಲುಗರು ಇಬ್ಬರೂ ‘ಪುಲಿ’ ಎನ್ನುವಾಗ ನಾವು ‘ಹುಲಿ’ ಎನ್ನುತ್ತೇವೆ. ತಮಿಳಿನ ‘ಪಾಲ್’, ತೆಲುಗಿನ ‘ಪಾಲು’ ನಮ್ಮಲ್ಲಿ ‘ಹಾಲು’. ತಮಿಳಿನ ‘ಪತ್ತು’ ನಮ್ಮ ‘ಹತ್ತು’. ನಮ್ಮೊಳಗೇ ಇರುವ ತುಳುವಿನಲ್ಲೂ ಹುಲಿ ‘ಪಿಲಿ’ಯೇ. ತುಟಿ ಮುಚ್ಚಿ ತೆರೆಯುವ ಕಡೆ ನಾವು ಬರೀ ಉಸಿರು ಬಿಡುತ್ತೇವೆ. ಚೆನ್ನೈಯ ಬಸ್ಸಿನಲ್ಲಿ ದೂರದಿಂದ ಈ ಉಸಿರು ಕೇಳಿಸಿದರೆ ಸಾಕು, ತಲೆ ತಾನಾಗಿ ತಿರುಗುತ್ತದೆ.

ಇದು ಪಕ್ಕಾ ಲಕ್ಷಣ ಎಂದು ಗೆಲುವಿನ ನಗೆ ಬೀರುವಷ್ಟರಲ್ಲಿ ಪಂಪ ಅಡ್ಡ ಬರುತ್ತಾನೆ! ಹತ್ತನೆಯ ಶತಮಾನದ ಅವನ ಕಾವ್ಯಭಾಷೆಯಲ್ಲಿ ಹುಲಿ ಇನ್ನೂ ‘ಪುಲಿ’, ಹಾಲು ಇನ್ನೂ ‘ಪಾಲ್’. ಹಕಾರ ನಿಧಾನವಾಗಿ ನಂತರದ ಕಾಲದಲ್ಲಿ ಗೆದ್ದದ್ದು. ಹಕಾರವನ್ನೇ ಕನ್ನಡದ ಲಕ್ಷಣ ಎಂದರೆ ಆದಿಕವಿಯೇ ಹೊರಗುಳಿಯುತ್ತಾನೆ, ಅವ್ಯಾಪ್ತಿ! ಭಾಷೆಯನ್ನು ಒಂದು ಗುರುತಿಗೆ ಕಟ್ಟಿಹಾಕುವ ಪ್ರಯತ್ನ ಹೀಗೆ ಮುಗ್ಗರಿಸಿದರೆ ಒಳ್ಳೆಯದೇ. ಕಿವಿಗೆ ಈಗ ಸಿಗುವ ಗುರುತು ನಿಜ; ಅದು ಎಂದೆಂದಿಗೂ ಇತ್ತು, ಇರಬೇಕು ಎನ್ನುವುದು ಸುಳ್ಳು. ಲಿಪಿಯದೂ ಇದೇ ಕತೆ. ಹೈದರಾಬಾದಿನ ಅಂಗಡಿ ಫಲಕದ ‘ಗ’, ‘ರ’ ನಮ್ಮವೇ. ‘ಕ’, ‘ತ’, ‘ಶ’ ಬಂದ ಕೂಡಲೆ ಕಣ್ಣು ಎಡವುತ್ತದೆ. ಒಂದೇ ಬುಡದಿಂದ ಕವಲೊಡೆದ ಎರಡು ಲಿಪಿಗಳಿಗೆ ಪೂರ್ತಿ ಪರಕೀಯವಾಗುವುದು ಸಾಧ್ಯವಾಗಲಿಲ್ಲ. ‘ಎದ್ದು ಕಾಣುವ ವ್ಯತ್ಯಾಸ’ ಎಂದು ನಾವು ಸಲೀಸಾಗಿ ಬರೆಯುತ್ತೇವೆ. ಎಷ್ಟೋ ವ್ಯತ್ಯಾಸಗಳು ಎದ್ದು ಕಾಣುವುದಿಲ್ಲ. ಕೂತು ನೋಡಿದರೆ ಮಾತ್ರ ಕಾಣುತ್ತವೆ.

ಇನ್ನು ಆ ‘ಛಾಪು’. ಛಾಪು ಎಂದರೆ ಮೇಲಿನಿಂದ ಒತ್ತಿದ ಮುದ್ರೆ. ಛಾಪಾಕಾಗದದಲ್ಲಿ ಇರುವುದು ಅದೇ. ಅಗಸ ಬಟ್ಟೆಯ ಮೂಲೆಗೆ ಹಾಕುತ್ತಿದ್ದ ಕಪ್ಪು ಗುರುತೂ ಆ ಜಾತಿಯದೇ. ಮುಂಬಯಿಯ ಡಬ್ಬಾವಾಲಾಗಳು ಊಟದ ಡಬ್ಬಿಯ ಮುಚ್ಚಳದ ಮೇಲೆ ಬಣ್ಣ, ಅಕ್ಷರ, ಅಂಕಿಗಳನ್ನು ಬರೆಯುತ್ತಾರೆ. ಯಾವ ಸ್ಟೇಷನ್ನಿನಿಂದ ಹೊರಟಿತು, ಯಾವ ಸ್ಟೇಷನ್ನಿನಲ್ಲಿ ಇಳಿಯಬೇಕು, ಯಾವ ಕಟ್ಟಡ, ಯಾವ ಮಹಡಿ ಎಲ್ಲವೂ ಅದರಲ್ಲಿ ಅಡಗಿರುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಶುರುವಾದ ಈ ಕೆಲಸದಲ್ಲಿ ಡಬ್ಬಿ ಕೈಯಿಂದ ಕೈಗೆ ಹೋಗುತ್ತದೆ, ತಪ್ಪುವುದು ಕಡಿಮೆ. ಇದು ಅದ್ಭುತವಾದ ಗುರುತು, ಅನುಮಾನವಿಲ್ಲ. ಆದರೆ ಅದು ಡಬ್ಬಿಯ ಒಳಗೆ ಏನಿದೆ ಎಂದು ಹೇಳುವುದಿಲ್ಲ. ಅನ್ನವೋ, ಭಾಕ್ರಿಯೋ, ಜೋಳದ ರೊಟ್ಟಿಯೋ ಅದಕ್ಕೆ ಬೇಕಾಗಿಲ್ಲ. ಹೊರನಾಡ ಕನ್ನಡಿಗರ ಬಗ್ಗೆ ಊರಿನ ಪತ್ರಿಕೆಗಳಲ್ಲಿ ಬರುವ ಬರಹ ಬಹುಪಾಲು ಮುಚ್ಚಳದ ಮೇಲಿನ ಬರಹ: ಎಲ್ಲಿಂದ ಹೊರಟ, ಎಲ್ಲಿ ಇಳಿದ, ಯಾವ ಮಹಡಿ ತಲುಪಿದ. ಇನ್ನು ‘ತಮ್ಮದೇ ಆದ ಛಾಪು’ ಎನ್ನುವವರು ನಕಲಿ ಛಾಪಾಕಾಗದದ ಹಗರಣವನ್ನೊಮ್ಮೆ ನೆನೆದರೆ ಸಾಕು. ಛಾಪನ್ನು ಯಾರು ಬೇಕಾದರೂ ಒತ್ತಬಹುದು.

ಮುಚ್ಚಳ ತೆರೆದು ನೋಡಿದವರು ಕನ್ನಡದಲ್ಲಿ ಇಲ್ಲದಿಲ್ಲ. ಹನೇಹಳ್ಳಿಯಿಂದ ಮುಂಬಯಿಗೆ ಹೋದ ಯಶವಂತ ಚಿತ್ತಾಲರ ‘ಶಿಕಾರಿ’ 1979ರದು. ದೊಡ್ಡ ಕಂಪನಿಯಲ್ಲಿ ಒಳ್ಳೆಯ ಕೆಲಸದಲ್ಲಿದ್ದ ನಾಗಪ್ಪ ಅಮಾನತಿಗೆ ಒಳಗಾಗುತ್ತಾನೆ. ಯಾಕೆ ಎಂಬುದು ಅವನಿಗೇ ಸ್ಪಷ್ಟವಿಲ್ಲ. ಬೇಟೆಗಾರ ಪ್ರಾಣಿಯನ್ನು ಗುರುತಿಸುವುದು ಹೆಜ್ಜೆಯಿಂದ, ವಾಸನೆಯಿಂದ, ಅಲುಗಿದ ಎಲೆಯಿಂದ. ಈ ಕಾದಂಬರಿಯ ಮಹಾನಗರದಲ್ಲೂ ಹಾಗೇ. ಒಬ್ಬನ ಹಳೆಯ ಬದುಕಿನ ಚೂರುಪಾರುಗಳೇ ಅವನ ಹೆಜ್ಜೆ ಗುರುತುಗಳಾಗಿ ಅವನ ಮೇಲೇ ಬೀಳುತ್ತವೆ. ಗುರುತು ಸಿಗುವುದೆಂದರೆ ಸಂತೋಷದ ವಿಷಯ ಎಂದು ತಿಳಿದ ನಮಗೆ, ಅದು ಸಿಕ್ಕಿಬೀಳುವುದೂ ಹೌದು ಎಂದು ಈ ಕಾದಂಬರಿ ತೋರಿಸಿತು. ‘ವಿಶಿಷ್ಟ ಕಾದಂಬರಿ’ ಎಂದು ಇದನ್ನು ಹೊಗಳಿದವರು ಬೇಟೆಯ ಈ ಭಯವನ್ನೇ ಬಿಟ್ಟು ಹೊಗಳಿದರು ಅನ್ನಿಸುತ್ತದೆ.

ಗೋಕರ್ಣದಿಂದ ಹೋದ ಜಯಂತ ಕಾಯ್ಕಿಣಿಯವರ ದಾರಿ ಬೇರೆ. ‘ದಗಡೂ ಪರಬನ ಅಶ್ವಮೇಧ’ದಲ್ಲಿ ಕುದುರೆ ಏರಿ ಮೆರವಣಿಗೆಯಲ್ಲಿ ಹೊರಟ ಮದುಮಗನನ್ನು ಕುದುರೆ ಹೊತ್ತುಕೊಂಡು ಓಡಿಬಿಡುತ್ತದೆ. ಇಡೀ ದಿಬ್ಬಣದಲ್ಲಿ ಎಲ್ಲರಿಗಿಂತ ಎದ್ದು ಕಾಣುವವನು ಮದುಮಗ. ಅವನ ವೇಷವೇ ಅದಕ್ಕಾಗಿ. ಅದೇ ಮನುಷ್ಯ ದಿಬ್ಬಣದಿಂದ ಬೇರ್ಪಟ್ಟ ಕೂಡಲೆ ಅದೇ ವೇಷದಲ್ಲಿ ‘ವಿಚಿತ್ರ’ವಾಗಿಬಿಡುತ್ತಾನೆ. ಲಕ್ಷಣ ವಿಲಕ್ಷಣವಾಗಲು ಒಂದು ಕುದುರೆಯ ಓಟ ಸಾಕು. ‘ನೋ ಪ್ರೆಸೆಂಟ್ಸ್ ಪ್ಲೀಸ್’ ಕತೆಯಲ್ಲಂತೂ ಮದುವೆಯ ಕರೆಯೋಲೆಯಲ್ಲಿ ಹೆಸರು ಹೇಗೆ ಅಚ್ಚಾಗಬೇಕೆಂಬುದೇ ಒಂದು ಬಡ ಜೋಡಿಯ ಪ್ರಶ್ನೆ. ಆ ಕತೆಯ ಹೆಸರನ್ನೇ ಹೊತ್ತ ಸಂಕಲನವನ್ನು ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದರು, 2018ರ ಸಾಲಿನ ದಕ್ಷಿಣ ಏಷ್ಯಾದ ಡಿಎಸ್‌ಸಿ ಬಹುಮಾನವೂ ಅದಕ್ಕೆ ಬಂತು. ಇದರಲ್ಲಿ ಗಮನಿಸಬೇಕಾದ್ದು ಬಹುಮಾನವನ್ನಲ್ಲ. ಈ ಕತೆಗಳಲ್ಲಿ ‘ಹೊರನಾಡ ಕನ್ನಡಿಗ’ ಎಂಬ ಹಣೆಪಟ್ಟಿ ಎಲ್ಲೂ ಅಂಟಿಸಿಲ್ಲ. ಕತೆ ಕನ್ನಡದಲ್ಲಿದೆ, ಪಾತ್ರ ಮರಾಠಿಯದೋ ಗುಜರಾತಿಯದೋ ಇರಬಹುದು. ಆದರೂ ಓದಿ ಮುಗಿಸಿದ ಮೇಲೆ ಆ ಮನುಷ್ಯ ರಸ್ತೆಯಲ್ಲಿ ಸಿಕ್ಕರೆ ಗುರುತು ಹಿಡಿಯಬಲ್ಲೆವು. ಚಿತ್ತಾಲ, ಕಾಯ್ಕಿಣಿ ಇಬ್ಬರ ಮನೆಮಾತೂ ಕೊಂಕಣಿ. ‘ಕನ್ನಡಿಗ’ ಎಂಬ ನಮ್ಮ ಪ್ರೀತಿಯ ಹಣೆಪಟ್ಟಿಯನ್ನೂ ಒಮ್ಮೆ ತಕ್ಕಡಿಗೆ ಹಾಕಬೇಕು ಎಂದು ಇದರಿಂದ ತಿಳಿಯುತ್ತದೆ. ಮುಂಬಯಿಯ ಕನ್ನಡ ಸಂಘಗಳಲ್ಲಿ ಕುರ್ಚಿ ಜೋಡಿಸುವವರಿಂದ ಹಿಡಿದು ಯಕ್ಷಗಾನಕ್ಕೆ ಹಣ ಹೊಂದಿಸುವವರವರೆಗೆ ಮನೆಯಲ್ಲಿ ತುಳು, ಕೊಂಕಣಿ ಆಡುವವರು ಎಷ್ಟು ಮಂದಿ!

ಈ ಎಲ್ಲ ಪದವಿಚಾರ ಯಾಕೆ ಬೇಕು ಎಂದರೆ, ಸಂಚಿಕೆಗಳ ಕೊನೆಯ ಪುಟಗಳ ಸಲುವಾಗಿ. ಅಲ್ಲಿ ‘ನಮ್ಮನ್ನಗಲಿದವರು’ ಎಂಬ ವಿಭಾಗ ಇರುತ್ತದೆ. ಹದಿನೆಂಟನೆಯ ವಯಸ್ಸಿಗೆ ಊರು ಬಿಟ್ಟು, ಕ್ಯಾಂಟೀನಿನಲ್ಲಿ ಮಲಗಿ, ರಾತ್ರಿ ಶಾಲೆಯಲ್ಲಿ ಓದಿ, ನಲವತ್ತು ವರ್ಷ ಲೋಕಲ್ ರೈಲಿನಲ್ಲಿ ನಿಂತು, ಒಂದು ದಿನ ಅಲ್ಲೇ ತೀರಿಕೊಂಡವರು. ಊರಿನ ಪತ್ರಿಕೆಯಲ್ಲಿ ಅವರ ಸುದ್ದಿ ಬರುವುದಿಲ್ಲ, ಮುಂಬಯಿಯ ಪತ್ರಿಕೆಗಂತೂ ಅವರು ಗೊತ್ತೇ ಇಲ್ಲ. ಅವರ ಬಗ್ಗೆ ಕನ್ನಡದಲ್ಲಿ ಅಚ್ಚಾಗುವುದು ಆ ಆರು ಸಾಲು ಮಾತ್ರ. ಆ ಆರು ಸಾಲಿನಲ್ಲಿ ‘ವಿಶಿಷ್ಟ ವ್ಯಕ್ತಿತ್ವ, ಸರಳ ಸಜ್ಜನ, ಅಪ್ರತಿಮ ಸಂಘಟಕ, ತುಂಬಲಾರದ ನಷ್ಟ’ ಎಂದು ಬರೆದರೆ ಒಬ್ಬ ಮನುಷ್ಯ ಎರಡನೆಯ ಸಲ ಕಾಣೆಯಾಗುತ್ತಾನೆ. ಒಂದೇ ಪುಟದಲ್ಲಿ ನಾಲ್ವರು ವಿಶಿಷ್ಟರು ಸಾಲಾಗಿ ಪಾಸ್‌ಪೋರ್ಟ್ ಅಳತೆಯ ಫೋಟೋಗಳಲ್ಲಿ ಕೂತಿರುತ್ತಾರೆ. ಫೋಟೋ ಅದಲು ಬದಲಾದರೂ ಬರಹ ಒಪ್ಪುತ್ತದೆ.

ಒಂದು ಸಂಘದ ಸಂಚಿಕೆಯಲ್ಲಿ ಮಾತ್ರ ಬೇರೆ ಥರದ ಒಂದು ಸ್ಮರಣೆ ಓದಿದೆ. ಬರೆದವರು ಲೇಖಕರಲ್ಲ, ತೀರಿಕೊಂಡವರ ಚಾಳಿನಲ್ಲಿ ಕೆಳಗಿನ ಮಹಡಿಯಲ್ಲಿದ್ದ ಒಬ್ಬ ಮರಾಠಿ ಹೆಂಗಸು. ಅದನ್ನು ಯಾರೋ ಕನ್ನಡಕ್ಕೆ ತಂದಿದ್ದರು. ಅದರಲ್ಲಿ ಇದ್ದದ್ದು ಇಷ್ಟು: ಚಾಳಿನ ಮರದ ಮೆಟ್ಟಿಲಿನಲ್ಲಿ ನಾಲ್ಕನೆಯದು ಬಹಳ ವರ್ಷ ಮುರಿದೇ ಇತ್ತು, ಎಲ್ಲರೂ ಅದನ್ನು ಹಾರಿ ಇಳಿಯುತ್ತಿದ್ದರು. ಆಮೇಲೆ ರಿಪೇರಿ ಆಯಿತು. ಎಲ್ಲರೂ ಮಾಮೂಲಾಗಿ ಇಳಿಯಲು ಶುರು ಮಾಡಿದರು, ಇವರು ಮಾತ್ರ ಕೊನೆಯವರೆಗೂ ಆ ಮೆಟ್ಟಿಲನ್ನು ಹಾರಿಯೇ ಇಳಿಯುತ್ತಿದ್ದರು. ಬೆಳಗಿನ ಐದು ಗಂಟೆಗೆ ಕತ್ತಲಲ್ಲಿ ಆ ಒಂದು ಹೆಜ್ಜೆಯ ಬಿಡುವು ಕೇಳಿದರೆ ಇಂಥವರೇ ಡ್ಯೂಟಿಗೆ ಹೊರಟರು ಎಂದು ತಿಳಿಯುತ್ತಿತ್ತು. ಆ ಬರಹದಲ್ಲಿ ‘ವಿಶಿಷ್ಟ’ ಎಂಬ ಪದ ಇರಲಿಲ್ಲ. ‘ಕನ್ನಡಿಗ’ ಎಂಬ ಪದವೂ ಇರಲಿಲ್ಲ.

ನಾನು ಹೇಳುವ ಗಂಗೆದೊಗಲು ಇದು. ಅದಕ್ಕೆ ಪಾಂಡಿತ್ಯ ಬೇಡ, ವಿಶೇಷಣ ಬೇಡ. ಹತ್ತಿರವಿದ್ದು ಕೇಳಿಸಿಕೊಂಡ ಕಿವಿ ಬೇಕು. ಒಬ್ಬನನ್ನು ಇನ್ನೊಬ್ಬನಿಂದ ಬೇರೆ ಮಾಡುವ ಗುಣ ಹೆಚ್ಚಾಗಿ ದೊಡ್ಡದಾಗಿರುವುದಿಲ್ಲ, ಹೊಗಳುವಂಥದ್ದೂ ಆಗಿರುವುದಿಲ್ಲ. ಅದು ಸಾಧನೆಗಳ ಪಟ್ಟಿಯಲ್ಲಿ ಬರುವುದಿಲ್ಲ. ಸಾಧನೆಗಳು ಮಾಳಿಗೆಯ ಮೇಲಿನ ಕಾಗೆ. ಅಧ್ಯಕ್ಷಗಿರಿ ಮುಗಿದ ಮಾರನೆ ದಿನ ಹಾರಿ ಪಕ್ಕದ ಮನೆಯ ಮೇಲೆ ಕೂರುತ್ತವೆ.

ಹಾಗಾಗಿ ಸಂಚಿಕೆಗಳ ಸಂಪಾದಕರಿಗೂ, ಊರಿನಲ್ಲಿ ಕೂತು ನಮ್ಮ ಬಗ್ಗೆ ಬರೆಯುವವರಿಗೂ ಒಂದೇ ಬೇಡಿಕೆ. ‘ವಿಶಿಷ್ಟ’ವನ್ನು ಪೂರ್ತಿ ಬಿಡಿ ಎಂದಲ್ಲ. ಅದನ್ನು ಬರೆಯಬೇಕು ಅನ್ನಿಸಿದಾಗ ಒಂದು ನಿಮಿಷ ತಡೆದು, ಏನು ಕಂಡು ಹಾಗೆ ಅನ್ನಿಸಿತು ಎಂದು ಕೇಳಿಕೊಂಡು, ಆ ಕಂಡದ್ದನ್ನೇ ಬರೆಯಿರಿ. ಎದ್ದು ಕಂಡಿತೋ, ರಾಚಿತೋ, ಢಾಳಾಗಿತ್ತೋ, ನಿಚ್ಚಳವಾಗಿತ್ತೋ, ಸ್ಫುಟವಾಗಿತ್ತೋ ನೋಡಿ. ಇಷ್ಟು ಪದಗಳನ್ನು ಹಿಂದಿನವರು ನಮಗಾಗಿ ಬೇರೆ ಬೇರೆ ಡಬ್ಬಿಗಳಲ್ಲಿ ತುಂಬಿಟ್ಟು ಹೋಗಿದ್ದಾರೆ. ಏನೂ ಕಂಡಿರದಿದ್ದರೆ, ತೀರಿಕೊಂಡವರ ಹೆಸರು, ಹುಟ್ಟಿದ ಊರು, ಇದ್ದ ಚಾಳು, ಮಾಡುತ್ತಿದ್ದ ಕೆಲಸ ಇಷ್ಟನ್ನೇ ತಪ್ಪಿಲ್ಲದೆ ಅಚ್ಚು ಹಾಕಿ. ಮುಂದೆ ಎಂದಾದರೂ ಅವರನ್ನು ನಿಜವಾಗಿ ಬಲ್ಲವರು ಆ ಪುಟ ತೆರೆದರೆ, ಉಳಿದದ್ದನ್ನು ಅವರೇ ತುಂಬಿಕೊಳ್ಳುತ್ತಾರೆ.